ಹುಳುವಿಗೆ ತಕ್ಕ ಸೊಪ್ಪು, ಆಳಿಗೆ ತಕ್ಕ ಮಾತು



ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತೀರಿ. ಬೆಳೆದ ಹುಳುವಿಗೆ ಬಲಿತ ಸೊಪ್ಪು ಕೊಡುತ್ತೀರಿ. ಒಂದೇ ಸೊಪ್ಪು ಎಲ್ಲ ಹುಳುವಿಗೂ ಒಗ್ಗದೆಂದು ಸೂಲಿಬೆಲೆ ಸೀಮೆಯ ರೇಷ್ಮೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುಳುಮನೆಯಲ್ಲಿ ದುಡಿಯುವವರೊಡನೆ ಮಾತ್ರ ನಾವು ಒಂದೇ ಬಗೆಯಾಗಿ ಮಾತಾಡುತ್ತೇವೆ. ಇದರಿಂದ ಆಗತಕ್ಕ ನಷ್ಟವೇನು?

ಹುಳು 4 ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಿರುವಂತೆ ನೋಡಿಕೊಳ್ಳಬೇಕು. ಹೆಚ್ಚುಕಡಿಮೆ ಎಲ್ಲ ಹುಳುವೂ ಎದ್ದ ಮೇಲೆಯೇ ಮತ್ತೆ ಸೊಪ್ಪು. ಮಾತು ತಿಳಿಯದವನು ನಡುವೆ ಸೊಪ್ಪು ಹಾಕಿದರೆ ಮೊದಲೆದ್ದ ಹುಳು ತಿಂದು ಮುಂದಾಗುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ಏರುಪೇರಾದ ಹುಳು ಒಟ್ಟಿಗೆ ಹಣ್ಣಾಗುವುದಿಲ್ಲ. ಸುಮಾರು 25 ದಿನದ ದುಡಿಮೆ ಒಂದು ತಪ್ಪು ತಿಳಿವಳಿಕೆಯಿಂದ ಕೆಡಬಹುದು. ಆದ್ದರಿಂದ ಜನರ ಸ್ವಭಾವವನ್ನು ಅರಿತು ಮಾತಾಡಿರಿ.

1. ಅವಸರದವರು: ಇವರಿಗೆ ನಾಲ್ಕು ಕೆಲಸ ಒಟ್ಟಿಗೆ ಹೇಳಬೇಡಿ. ಒಂದನ್ನು ಹೇಳಿ, "ಏನು ಮಾಡ್ತೀಯ, ಹೇಳಪ್ಪ" ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ.

2. ಮಾತು ಕಡಿಮೆಯವರು: "ತಿಳಿಯಿತೇ?" ಎಂದರೆ ತಲೆಯಾಡಿಸುವರು. "ಯಾವ ಹುಳು ಎದ್ದಿದೆ, ತೋರಿಸಮ್ಮ" ಎನ್ನಿ. ತಿಳಿದಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.

3. "ಏಕೆ?" ಎನ್ನುವವರು: ಇದು ಎದುರು ಮಾತಲ್ಲ. ಕೈಕಾಲು ತೊಳೆಯದೆ ಒಳಗೆ ಬಂದರೆ ರೋಗ ಜೊತೆಯಲ್ಲಿ ಬರುತ್ತದೆಂದು ಕಾರಣ ಹೇಳಿ. ಕಾರಣ ತಿಳಿದವನು ನೀವಿಲ್ಲದಾಗಲೂ ತೊಳೆಯುವನು.

4. ಅನುಭವಸ್ಥರು: "ತಾತ, ನೀವೇನಂತೀರಿ?" ಎಂದು ಮೊದಲು ಕೇಳಿ. ಹೊಸ ಪದ್ಧತಿಯನ್ನು ವಾದದಿಂದ ಒಪ್ಪಿಸಲಾಗದು. ಸ್ವಲ್ಪ ಹುಳುವಿನಲ್ಲಿ ಮಾಡಿ ತೋರಿಸಿ. ಅಮೆರಿಕದ ಅಯೋವಾದಲ್ಲಿ 259 ರೈತರನ್ನು ವಿಚಾರಿಸಿ 1943ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಹೊಸ ಮುಸುಕಿನ ಜೋಳದ ಬೀಜದ ಸುದ್ದಿಯನ್ನು ಹೆಚ್ಚಾಗಿ ತಂದವರು ವ್ಯಾಪಾರಿಗಳು. ನಂಬಿಕೆ ಹುಟ್ಟಿಸಿದವರು ನೆರೆಹೊರೆಯ ರೈತರು.

5. ಬೇಗ ನೊಂದುಕೊಳ್ಳುವವರು: ಹತ್ತು ಜನರೆದುರು ಗದರಿಸಬೇಡಿ. ಗದರಿಸಿಕೊಂಡವರು ಮರುದಿನ ಹಾಲುತೊಂಡೆ ಬಂದ ಹುಳು ಕಂಡರೂ ಬಾಯಿ ಬಿಡುವುದಿಲ್ಲ. ರೋಗದ ಹುಳುವನ್ನು ಆರಿಸಿ ತೆಗೆಯುವುದು ತಡವಾದಷ್ಟೂ ರೋಗ ಹರಡುತ್ತದೆ. ಮೊದಲು ಕಂಡು ಹೇಳಿದವರನ್ನು ಮೆಚ್ಚಿರಿ.

ಇವನು ಇಂಥವನೇ ಎಂದು ಯಾರಿಗೂ ಹಣೆಪಟ್ಟಿ ಹಚ್ಚಬಾರದು. ದೊಡ್ಡ ಜ್ವರ ಎದ್ದ ಮೇಲೆ ಸೊಪ್ಪಿನ ಕೆಲಸ ಹಗಲಿರುಳೂ ಇರುತ್ತದೆ. ನಿದ್ದೆಗೆಟ್ಟಾಗ ಸಮಾಧಾನಿಯೂ ಸಿಡುಕುವನು. ಮಾತಿನ ಬಗೆ ಬೇರೆಯಾದರೂ ಕೂಲಿಯೂ ಮರ್ಯಾದೆಯೂ ಎಲ್ಲರಿಗೂ ಒಂದೇ ಆಗಿರತಕ್ಕದ್ದು.

ಮುಂದಿನ ಚಾಕಿ ತರುವ ಮುನ್ನ ನಿಮ್ಮ ಹುಳುಮನೆಯವರನ್ನು ಒಮ್ಮೆ ಕೂಡಿಸಿ, ಯಾರಿಗೆ ಹೇಗೆ ಹೇಳಿದರೆ ಅನುಕೂಲವೆಂದು ಅವರನ್ನೇ ಕೇಳಿರಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.