ಸಾಲಿನಲ್ಲಿ ನಿಂತ ದಿನದ ಬೆಲೆ

ಟಿವಿ ಗೇಮ್ ಶೋ ಆಡಿಷನ್ನಿಗೆ ಹೊರಟವರನ್ನು ಯಾರಾದರೂ ತಡೆದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಹೋದರೆ ಒಂದು ದಿನ, ಬಂದರೆ ಕೋಟಿ. ಪ್ರವೇಶ ಶುಲ್ಕವಿಲ್ಲ, ಟಿಕೆಟ್ ಇಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಹೀಗಿರುವಾಗ ಕಳೆದುಕೊಳ್ಳುವುದೇನು ಎಂಬ ಪ್ರಶ್ನೆ ಸಹಜವೇ. ನಾನು ಹೇಳಹೊರಟಿರುವುದು ಆ ಒಂದು ದಿನದ ಬಗ್ಗೆ. ಅದು ಪುಕ್ಕಟೆಯದಲ್ಲ. ಅದಕ್ಕೊಂದು ಬೆಲೆಯಿದೆ, ಆ ಬೆಲೆ ಸಾಲಿನಲ್ಲಿ ನಿಂತ ಎಲ್ಲರಿಗೂ ಒಂದೇ ಅಲ್ಲ. ಮನೆಯ ಲೆಕ್ಕದಲ್ಲಿ ಅದನ್ನು ಹೂಡಿಕೆ ಎಂದು ಬರೆದುಕೊಂಡರೆ ನಷ್ಟ ಹೆಚ್ಚುಕಡಿಮೆ ಖಚಿತ. ಜಾತ್ರೆಗೋ ಸಿನಿಮಾಕ್ಕೋ ಹೋಗಿಬಂದ ಖರ್ಚು ಎಂದು ಬರೆದುಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಎರಡಕ್ಕೂ ಹೋಗುವ ದುಡ್ಡು ಒಂದೇ ಆದರೂ, ಎಷ್ಟು ಖರ್ಚು ಮಾಡಬಹುದು, ಸಾಲ ಮಾಡಿ ಹೋಗಬಹುದೇ, ಎಷ್ಟು ಹೊತ್ತಿಗೆ ವಾಪಸಾಗಬೇಕು ಎಂಬ ತೀರ್ಮಾನಗಳೆಲ್ಲ ಅದನ್ನು ಎಲ್ಲಿ ಬರೆದುಕೊಂಡಿದ್ದೇವೆ ಎಂಬುದರ ಮೇಲೆ ನಿಂತಿವೆ.

ಈ ಸಾಲುಗಳು ನಮ್ಮಲ್ಲಿ ಹುಟ್ಟಿ ಕಾಲು ಶತಮಾನವಾಯಿತು. ಬ್ರಿಟನ್ನಿನಲ್ಲಿ 1998ರಲ್ಲಿ ಆರಂಭವಾದ ಪ್ರಶ್ನೋತ್ತರದ ಆಟ 2000ದ ಜುಲೈ 3ರಂದು 'ಕೌನ್ ಬನೇಗಾ ಕರೋಡ್‌ಪತಿ' (ಕೆಬಿಸಿ) ಆಗಿ ಅಮಿತಾಭ್ ಬಚ್ಚನ್ ಅವರ ಜೊತೆ ಭಾರತದ ಮನೆಗಳಿಗೆ ಬಂತು. ಕನ್ನಡಕ್ಕೆ 2012ರ ಮಾರ್ಚ್‌ನಲ್ಲಿ 'ಕನ್ನಡದ ಕೋಟ್ಯಧಿಪತಿ'ಯಾಗಿ ಬಂದಾಗ ಎದುರಿನ ಕುರ್ಚಿಯಲ್ಲಿದ್ದವರು ಪುನೀತ್ ರಾಜ್‌ಕುಮಾರ್. ಅಪ್ಪುವಿನ ಎದುರು ಕೂರುವ ಆಸೆಯೇ ಸಾವಿರಾರು ಜನರಿಗೆ ಬಹುಮಾನಕ್ಕಿಂತ ದೊಡ್ಡದಾಗಿತ್ತು ಎಂದರೆ ಅತಿಶಯೋಕ್ತಿಯಲ್ಲ. ಈ ಬಗೆಯ ಆಟದಲ್ಲಿ ಹಾಟ್ ಸೀಟಿನವರೆಗಿನ ದಾರಿಗೆ ಹಲವು ಮೆಟ್ಟಿಲು. ಮೊದಲು ಪರದೆಯ ಮೇಲಿನ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಿ ನೋಂದಣಿ. ಸರಿಯುತ್ತರ ಕೊಟ್ಟವರಲ್ಲಿ ಕೆಲವರನ್ನು ಮಾತ್ರ ಗಣಕಯಂತ್ರ ಆರಿಸುತ್ತದೆ. ಆಮೇಲೆ ಊರೂರಿನ ಆಡಿಷನ್: ಸಾಮಾನ್ಯ ಜ್ಞಾನದ ಪರೀಕ್ಷೆ, ಕ್ಯಾಮೆರಾ ಮುಂದೆ ಮಾತು. ಅದನ್ನೂ ದಾಟಿದ ಕೆಲವರು ಸ್ಟುಡಿಯೊದಲ್ಲಿ ಬೆರಳಿನ ವೇಗದ ಸುತ್ತಿಗೆ. ಅಲ್ಲಿ ಗೆದ್ದವರಿಗಷ್ಟೇ ಕುರ್ಚಿ. ಅಂದರೆ ಆಡಿಷನ್ ಕೇಂದ್ರದ ಮುಂದಿನ ಸಾಲಿನಲ್ಲಿ ನಿಂತವರು ನಡುದಾರಿಯಲ್ಲಿದ್ದಾರೆ. ಹಿಂದಿನ ಜರಡಿಯನ್ನು ದಾಟಿದ ಸಮಾಧಾನವೇ ಮುಂದಿನ ಜರಡಿಯ ಸಣ್ಣ ಕಣ್ಣುಗಳನ್ನು ಮರೆಸುತ್ತದೆ.

ನಮ್ಮ ಜನಕ್ಕೆ ಸಾಲು ಹೊಸದಲ್ಲ. ಪಡಿತರ ಅಂಗಡಿಯ ಮುಂದೆ, ಗೊಬ್ಬರದ ಸೊಸೈಟಿಯ ಮುಂದೆ, ತಿರುಪತಿಯ ಧರ್ಮದರ್ಶನದಲ್ಲಿ, ಜಿಲ್ಲಾಸ್ಪತ್ರೆಯ ಚೀಟಿಯ ಕಿಟಕಿಯಲ್ಲಿ ನಿಂತು ನಿಂತು ಪಳಗಿದವರು ನಾವು. ಆ ಸಾಲುಗಳಲ್ಲಿ ಒಂದು ನ್ಯಾಯವಿದೆ. ನಿಂತವರಿಗೆ ಸಿಗುತ್ತದೆ, ಮುಂಚೆ ಬಂದವರಿಗೆ ಮುಂಚೆ ಸಿಗುತ್ತದೆ, ತಾಳ್ಮೆಗೆ ಕೂಲಿ ಇದೆ. ಆಡಿಷನ್ ಸಾಲು ನೋಡಲು ಅದೇ ರೀತಿ ಇದ್ದರೂ ಒಳಗಿನ ವ್ಯವಹಾರವೇ ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಮೊದಲಿಗರಾಗಿ ನಿಂತರೂ ಆಯ್ಕೆಯಾಗುವ ಅವಕಾಶ ಹೆಚ್ಚುವುದಿಲ್ಲ. ಆರು ಗಂಟೆ ನಿಂತವರಿಗೂ ಅರ್ಧ ಗಂಟೆ ನಿಂತವರಿಗೂ ಒಳಗೆ ಕೇಳುವ ಪ್ರಶ್ನೆ ಅದೇ, ನೋಡುವ ಕಣ್ಣೂ ಅದೇ. ಆದರೆ ಪಡಿತರದ ಸಾಲು ಕಲಿಸಿದ ಪಾಠ ನಮ್ಮ ಮೈಯಲ್ಲಿ ಕೂತುಬಿಟ್ಟಿದೆ: ಇಷ್ಟು ಹೊತ್ತು ನಿಂತಿದ್ದೇವೆ, ಇನ್ನು ಬಿಟ್ಟು ಹೋದರೆ ನಿಂತದ್ದೆಲ್ಲ ದಂಡ. ಅಕ್ಕಿ ಕೊಡುವ ಸಾಲಿನಲ್ಲಿ ಈ ಮಾತು ಸರಿ. ಇಲ್ಲಿ ಕಳೆದುಹೋದ ನಾಲ್ಕು ಗಂಟೆ ಐದನೆಯ ಗಂಟೆಗೆ ಯಾವ ಬಲವನ್ನೂ ಕೊಡುವುದಿಲ್ಲ. ಇಷ್ಟೊಂದು ಜನ ಸಂಜೆಯವರೆಗೂ ನಿಂತೇ ಇರುವುದಕ್ಕೆ ಆಸೆಗಿಂತ ಈ ಹಳೆಯ ಪಾಠವೇ ಹೆಚ್ಚಿನ ಕಾರಣ ಎಂದು ನಾನು ನಂಬಿದ್ದೇನೆ.

ಇನ್ನು ಬೆಲೆಯ ಮಾತು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ. ಪೇಟೆಯ ಗಾರೆ ಕೆಲಸದವರಿಗೆ, ಬಣ್ಣ ಬಳಿಯುವವರಿಗೆ ಇದಕ್ಕಿಂತ ಹೆಚ್ಚೇ ಸಿಗುತ್ತದೆ. ಆದರೂ ಕಡಿಮೆಯ ಲೆಕ್ಕವನ್ನೇ ಹಿಡಿಯೋಣ. ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ದಿನವಿಡೀ ನಿಂತು, ಮತ್ತೆ ರಾತ್ರಿ ಬಸ್ಸಿನಲ್ಲಿ ಮರಳಿದವರು ಮರುದಿನ ಕೆಲಸಕ್ಕೆ ಹೋಗುವುದು ಕಷ್ಟ. ಹಾಗಾಗಿ ಒಂದು ದಿನದ ಆಡಿಷನ್ ಎಂದರೆ ಎರಡು ದಿನದ ಕೂಲಿ, 740 ರೂಪಾಯಿ. ಬಸ್ಸು, ಊಟ, ಚಹಾ, ನೀರಿನ ಬಾಟಲಿ ಸೇರಿ ಬಿಗಿಹಿಡಿದು 800 ಎಂದುಕೊಂಡರೂ ಒಟ್ಟು 1,540. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಆದರೆ ಉಚಿತವಾಗಿರುವುದು ಟಿಕೆಟ್ ಮಾತ್ರ, ಬಿಟ್ಟುಬಂದ ಬೀಡಿಯ ಮೊರವನ್ನೋ ಹೊಲಿಗೆಯ ಯಂತ್ರವನ್ನೋ ಆ ಎರಡು ದಿನ ಯಾರೂ ನಡೆಸುವುದಿಲ್ಲ. ಅದೇ ಸಾಲಿನಲ್ಲಿ ಹಿಂದೆ ನಿಂತಿರುವ ಬ್ಯಾಂಕ್ ನೌಕರರಿಗೆ ಇದು ಒಂದು ಸಿಎಲ್. ತಿಂಗಳ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಸಾಲಿನಲ್ಲಿ ಎಲ್ಲರೂ ಸಮಾನರು ಎಂಬುದು ಕಣ್ಣಿಗೆ ಕಾಣುವ ಸಮಾನತೆ. ಆ ಜಾಗದ ಬಾಡಿಗೆಯನ್ನು ಹೆಚ್ಚು ತೆರುತ್ತಿರುವವರು ಕಡಿಮೆ ಗಳಿಸುವವರೇ. ಇದು ನನಗೆ ನೋವಿನ ಸಂಗತಿ. ಕೋಟಿಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಸಾಲು ದುಬಾರಿ.

ಆ ಕಡೆ ಬಹುಮಾನವೂ ಪರದೆಯ ಮೇಲೆ ತೋರಿದಷ್ಟಿಲ್ಲ. ಕೆಬಿಸಿ ಮನೆಮಾತಾದ ಮರುವರ್ಷ, 2001ರಲ್ಲಿ, ಕೇಂದ್ರ ಸರ್ಕಾರ ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು ಟಿವಿಯ ಗೇಮ್ ಶೋಗಳನ್ನು ಹೆಸರಿಸಿಯೇ ಲಾಟರಿ, ಇಸ್ಪೀಟು, ಕುದುರೆ ರೇಸಿನ ಗುಂಪಿಗೆ ಸೇರಿಸಿತು. ಆಗಲೇ ಆ ಗುಂಪಿನ ತೆರಿಗೆಯನ್ನು ಶೇ 40ರಿಂದ ಶೇ 30ಕ್ಕೆ ಇಳಿಸಿತು ಎಂಬುದೂ ನಿಜ. ಈ ಗಳಿಕೆಗೆ ಮೂಲ ವಿನಾಯಿತಿಯ ಮಿತಿ ಅನ್ವಯಿಸುವುದಿಲ್ಲ. ವಿಮೆ, ಪಿಪಿಎಫ್ ತೋರಿಸಿ ಇಳಿಸಿಕೊಳ್ಳಲು ಬರುವುದಿಲ್ಲ. ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿನಿ 3,20,000 ರೂಪಾಯಿ ಗೆದ್ದರೆ 96,000 ತೆರಿಗೆ, ಅದರ ಮೇಲೆ ಶೇ 4ರ ಸೆಸ್ 3,840. ಕೈಗೆ ಉಳಿಯುವುದು 2,20,160. ಒಂದು ಕೋಟಿ ಗೆದ್ದವರಿಗೆ 30 ಲಕ್ಷ ತೆರಿಗೆ, 3 ಲಕ್ಷ ಸರ್‌ಚಾರ್ಜ್, ಸೆಸ್ 1.32 ಲಕ್ಷ. ಉಳಿಯುವುದು 65.68 ಲಕ್ಷ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ವಾಹಿನಿಯವರು ಮೂಲದಲ್ಲೇ ಹಿಡಿದುಕೊಳ್ಳುವುದು ಶೇ 30 ಮಾತ್ರ. ಸರ್‌ಚಾರ್ಜ್ ಮತ್ತು ಸೆಸ್ಸಿನ 4.32 ಲಕ್ಷವನ್ನು ಗೆದ್ದವರೇ ಆಮೇಲೆ ಕಟ್ಟಬೇಕು. ಖಾತೆಗೆ ಬಿದ್ದ 70 ಲಕ್ಷವೆಲ್ಲ ನಮ್ಮದೇ ಎಂದು ಸೈಟಿಗೆ ಮುಂಗಡ ಕೊಟ್ಟವರಿಗೆ ಆ ಮೊತ್ತ ಹೊಂದಿಸುವುದು ಸಂಕಟವಾಗುತ್ತದೆ.

ತೆರಿಗೆ ಕಾಯ್ದೆಯ ಇನ್ನೊಂದು ನಿಯಮ ನನ್ನ ವಾದಕ್ಕೆ ಹತ್ತಿರದ್ದು. ಇಂಥ ಗಳಿಕೆಗಾಗಿ ಮಾಡಿದ ಯಾವ ಖರ್ಚನ್ನೂ ಅದರಿಂದ ಕಳೆಯುವಂತಿಲ್ಲ. ಕಿರಾಣಿ ಅಂಗಡಿಯವರು ಬಾಡಿಗೆ, ವಿದ್ಯುತ್ತು, ಸಾಗಣೆ ಕಳೆದು ಉಳಿದ ಲಾಭಕ್ಕೆ ತೆರಿಗೆ ಕಟ್ಟುತ್ತಾರೆ. ಆಡಿಷನ್ನಿಗೆ ಹತ್ತು ಸಲ ಓಡಾಡಿ ಹನ್ನೊಂದನೆಯ ಸಲ ಗೆದ್ದವರು ಆ ಹತ್ತು ಓಡಾಟದ ಬಸ್ ಚಾರ್ಜನ್ನೂ ಕಳೆಯಲಾಗದು. ಅಂದರೆ ಕಾನೂನೇ ಇದನ್ನು ವ್ಯಾಪಾರವೆಂದಾಗಲೀ ಹೂಡಿಕೆಯೆಂದಾಗಲೀ ಒಪ್ಪುತ್ತಿಲ್ಲ. ಹೂಡಿಕೆ ಎನ್ನುವ ಹಟವಿದ್ದರೆ ಲೆಕ್ಕ ಹೀಗಾಗುತ್ತದೆ. 1,540 ರೂಪಾಯಿ ಹಾಕಿ 2,20,160ನ್ನು ಗುರಿಯಾಗಿಟ್ಟವರಿಗೆ ಅಸಲು ಮರಳಬೇಕಾದರೆ, ಸಾಲಿನಲ್ಲಿರುವ ಪ್ರತಿ 143 ಜನರಲ್ಲಿ ಒಬ್ಬರಾದರೂ ಆ ಮೊತ್ತ ಗೆಲ್ಲಬೇಕು. ಆಯ್ಕೆಯಾಗುವುದಲ್ಲ, ಸ್ಟುಡಿಯೊ ನೋಡಿಬರುವುದಲ್ಲ, ಗೆಲ್ಲಬೇಕು. ಗೇಟಿನಿಂದ ಹಿಂದಕ್ಕೆ ತಿರುಗಿ ಜನರ ತಲೆ ಎಣಿಸಿದವರಿಗೆ, ಮತ್ತು ಇಂಥದೇ ಸಾಲುಗಳು ಬೇರೆ ಊರುಗಳಲ್ಲೂ ಇವೆ ಎಂದು ನೆನಪಿರುವವರಿಗೆ, ಉಳಿದದ್ದನ್ನು ನಾನು ಹೇಳಬೇಕಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಇದು ಲಾಟರಿಯಲ್ಲ, ಜ್ಞಾನದ ಆಟ. ಓದಿಕೊಂಡವರ ಅವಕಾಶವನ್ನೂ ಓದದವರ ಅವಕಾಶವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಲ್ಲವೇ? ಹಾಟ್ ಸೀಟಿನಲ್ಲಿ ಕೂತ ಮೇಲೆ ಈ ಮಾತು ಪೂರ್ತಿ ನಿಜ. ಆದರೆ ಕುರ್ಚಿಗೆ ಮುಂಚಿನ ಮೆಟ್ಟಿಲುಗಳಲ್ಲಿ ಒಂದನ್ನು ಗಣಕಯಂತ್ರದ ಆಯ್ಕೆ ನಿರ್ಧರಿಸುತ್ತದೆ. ಇನ್ನೊಂದನ್ನು ನಿರ್ಧರಿಸುವವರು ಕಾರ್ಯಕ್ರಮ ಕಟ್ಟುವ ಜನ. ಅವರಿಗೆ ಬೇಕಿರುವುದು ಉತ್ತರ ಬಲ್ಲವರಷ್ಟೇ ಅಲ್ಲ, ನೋಡುಗರು ಚಾನೆಲ್ ಬದಲಿಸದಂತೆ ಹಿಡಿದಿಡುವ ಮಾತು, ಮುಖ, ಬದುಕಿನ ಕಥೆ. ಅದು ಅವರ ಕಸುಬಿನ ಅಗತ್ಯ, ಅದನ್ನು ನಾನು ದೂರುತ್ತಿಲ್ಲ. ಆದರೆ ನೀವು ಹತ್ತು ವರ್ಷ ಓದಿದ್ದು ಆ ಮೇಜಿನ ಮುಂದೆ ಅಷ್ಟಾಗಿ ಕೆಲಸಕ್ಕೆ ಬಾರದಿರಬಹುದು. ಅದೇ ಓದು ಕೆಪಿಎಸ್‌ಸಿಯಲ್ಲಿ, ಬ್ಯಾಂಕ್ ಪರೀಕ್ಷೆಯಲ್ಲಿ ನಡೆಯುವ ನಾಣ್ಯ. ಅಲ್ಲೂ ಪೈಪೋಟಿ ಭೀಕರವೇ, ಆದರೆ ಅಲ್ಲಿ ಅಂಕಕ್ಕೆ ಬೆಲೆಯಿದೆ, ಪಠ್ಯಕ್ರಮ ಗೊತ್ತಿದೆ, ಗೆದ್ದರೆ ತಿಂಗಳು ತಿಂಗಳೂ ಸಂಬಳ ಬರುತ್ತದೆ.

ಜನರ ಆಸೆಯಿಂದ ವಾಹಿನಿಗಳು ದುಡ್ಡು ಮಾಡುತ್ತವೆ ಎಂಬ ಸಿಟ್ಟೂ ಆಗಾಗ ಕೇಳುತ್ತದೆ. ಆ ಸಿಟ್ಟನ್ನು ನ್ಯಾಯಾಲಯಗಳು ಪರಿಶೀಲಿಸಿಯೂ ಆಗಿದೆ. 2007ರ ಕೆಬಿಸಿ ಅವಧಿಯಲ್ಲಿ ಮನೆಯಲ್ಲಿ ಕೂತವರಿಗೂ ಒಂದು ಸ್ಪರ್ಧೆಯಿತ್ತು. ಉತ್ತರ ಕಳಿಸುವ ಪ್ರತಿ ಎಸ್‌ಎಂಎಸ್‌ಗೆ 2.40 ರೂಪಾಯಿ, ದಿನಕ್ಕೆ 2 ಲಕ್ಷದ ಬಹುಮಾನ. ಬಹುಮಾನದ ಹಣ ಜನರ ಎಸ್‌ಎಂಎಸ್‌ನಿಂದಲೇ ಬರುತ್ತಿದೆ, ಇದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಮಾನಿಸಿ ಒಂದು ಕೋಟಿ ರೂಪಾಯಿಯ ದಂಡ ಹಾಕಿತು. 2019ರಲ್ಲಿ ಸುಪ್ರೀಂ ಕೋರ್ಟ್, ಹಾಗೆ ಹೇಳಲು ಸಾಕ್ಷ್ಯವಿಲ್ಲವೆಂದು ಆ ಆದೇಶವನ್ನು ರದ್ದುಮಾಡಿತು. ಆದ್ದರಿಂದ ವಾಹಿನಿಯ ಮೇಲೆ ಆರೋಪ ಹೊರಿಸುವುದು ನನ್ನ ಕೆಲಸವಲ್ಲ. ಆದರೆ ಆ ತೀರ್ಪಿನಿಂದ ನಮ್ಮ ಕಡೆಯ ಲೆಕ್ಕ ಬದಲಾಗುವುದಿಲ್ಲ. ಬಹುಮಾನ ಯಾರ ಕಿಸೆಯಿಂದಲೇ ಬರಲಿ, ಕಳುಹಿಸಿದ ಎಸ್‌ಎಂಎಸ್‌ನ ದುಡ್ಡು, ನಿಂತ ದಿನದ ಕೂಲಿ ಹೋಗುವುದು ನಮ್ಮ ಕಿಸೆಯಿಂದಲೇ.

ಎರಡನೆಯ ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಬಡವರು ವರ್ಷವಿಡೀ ಲೆಕ್ಕ ಹಾಕಿಯೇ ಬದುಕುತ್ತಾರೆ, ಒಂದು ದಿನದ ಆಸೆಗೂ ಲೆಕ್ಕದ ಪುಸ್ತಕ ಹಿಡಿದು ನಿಲ್ಲಬೇಕೇ? ನಿಲ್ಲಬೇಕಾಗಿಲ್ಲ. ಆಸೆ ಕೂಡ ಬದುಕಿಗೆ ಬೇಕಾದದ್ದೇ. ಗೆಳತಿಯರೊಡನೆ ಬುತ್ತಿ ಕಟ್ಟಿಕೊಂಡು ಹೋಗಿ, ಸಾಲಿನಲ್ಲಿ ಪರಿಚಯವಾದವರೊಡನೆ ಪ್ರಶ್ನೆ ಕೇಳಿಕೊಂಡು ನಕ್ಕು, ಕ್ಯಾಮೆರಾ ಮುಂದೆ ಒಂದು ನಿಮಿಷ ಮಾತಾಡಿ ಬಂದ ದಿನ ವ್ಯರ್ಥವಲ್ಲ. ಅದನ್ನು ಜಾತ್ರೆಯ ಖರ್ಚು ಎಂದು ನಾನು ಕರೆದದ್ದು ಗೌರವದಿಂದಲೇ. ಜಾತ್ರೆಗೆ ಯಾರೂ ಓಲೆ ಅಡವಿಟ್ಟು ಹೋಗುವುದಿಲ್ಲ. ಕೈಯಲ್ಲಿರುವಷ್ಟನ್ನು ಗಂಟು ಕಟ್ಟಿಕೊಂಡು ಹೋಗಿ, ಮುಗಿದಾಗ ಮನೆಗೆ ಬರುತ್ತಾರೆ. ಇದೂ ಹಾಗೆಯೇ ಇರಲಿ. ಕೈಸಾಲವಿಲ್ಲದೆ, ಮಗುವಿನ ಶಾಲೆಯ ಫೀಸನ್ನು ಮುಟ್ಟದೆ, ಹಿಂದಿರುಗುವ ಹೊತ್ತನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೋಗಲಿ. ಸಾಲಿಗೆ ಬಂದು ನಿಂತ ಮೇಲೆ ಆ ಹೊತ್ತನ್ನು ಗೊತ್ತುಮಾಡುವುದು ಸಾಧ್ಯವಿಲ್ಲ, ಆಗ ಕಾಲು ನೋಯುತ್ತಿರುತ್ತದೆ, ಮನಸ್ಸು ಹಟ ಹಿಡಿದಿರುತ್ತದೆ.

ಗೆದ್ದವರ ಕಥೆಯನ್ನೂ ಪೂರ್ತಿಯಾಗಿ ಕೇಳಬೇಕು. ಬಿಹಾರದ ಸುಶೀಲ್ ಕುಮಾರ್ 2011ರಲ್ಲಿ ಕೆಬಿಸಿಯಲ್ಲಿ 5 ಕೋಟಿ ಗೆದ್ದಾಗ ತಿಂಗಳಿಗೆ ಸುಮಾರು 6,000 ರೂಪಾಯಿಗೆ ದುಡಿಯುತ್ತಿದ್ದ ಕಂಪ್ಯೂಟರ್ ಆಪರೇಟರ್. ಆಮೇಲಿನ ವರ್ಷಗಳಲ್ಲಿ ದಾನದ ಹೆಸರಿನಲ್ಲಿ ಮೋಸಹೋದದ್ದನ್ನು, ಕುಡಿತಕ್ಕೆ ಬಿದ್ದು ಎದ್ದುಬಂದದ್ದನ್ನು 2020ರಲ್ಲಿ ಅವರೇ ಬರೆದುಕೊಂಡರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆಟವನ್ನೇ ಆಡದವರನ್ನೂ ಕಾಡುವ, ಕೆಬಿಸಿಯ ಹೆಸರಿಗಂಟಿದ ಹಾವಳಿಯೂ ಒಂದಿದೆ: 25 ಲಕ್ಷ ಗೆದ್ದಿದ್ದೀರಿ, ಮೊದಲು ತೆರಿಗೆ ಕಟ್ಟಿ ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶ. ಪೊಲೀಸರು ಎಷ್ಟು ಸಲ ಎಚ್ಚರಿಸಿದರೂ ಜನ ಬೀಳುತ್ತಲೇ ಇದ್ದಾರೆ. ಬಹುಮಾನದ ತೆರಿಗೆಯನ್ನು ಕೊಡುವವರು ಹಿಡಿದುಕೊಳ್ಳುತ್ತಾರೆ, ಪಡೆಯುವವರಿಂದ ಮುಂಗಡ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಇಷ್ಟೆಲ್ಲ ನಿಲ್ಲುವವರಿಗೆ ಹೇಳಿದೆ. ನಿಲ್ಲಿಸುವವರಿಗೂ ಹೇಳುವುದಿದೆ. ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವವರಿಗೆ ಇಂತಿಷ್ಟು ಗಂಟೆಗೆ ಬನ್ನಿ ಎಂದು ಮೊದಲೇ ತಿಳಿಸುತ್ತಾರೆ. ತಿರುಪತಿಯಲ್ಲಿ ಸರ್ವದರ್ಶನಕ್ಕೂ ಸಮಯದ ಟೋಕನ್ ಬಂದಿದೆ. ನೋಂದಣಿಯನ್ನು ಫೋನಿನಲ್ಲಿ ಪಡೆಯುವ ವಾಹಿನಿಯ ಬಳಿ ಬರುವವರ ಹೆಸರು, ಊರು, ನಂಬರು ಎಲ್ಲವೂ ಮೊದಲೇ ಇರುತ್ತದೆ. ರಾಯಚೂರು, ಬೀದರಿನಿಂದ ಬರುವವರಿಗೆ ಬೆಳಿಗ್ಗೆ ಹನ್ನೊಂದರ ಸಮಯ, ಬೆಂಗಳೂರಿನವರಿಗೆ ಎಂಟರ ಸಮಯ ಕೊಟ್ಟರೆ ದೂರದವರು ಅದೇ ಸಂಜೆಯ ಬಸ್ಸು ಹತ್ತಿ ಬೆಳಗಾಗುವುದರೊಳಗೆ ಊರು ಸೇರುತ್ತಾರೆ, ಒಂದು ದಿನದ ಕೂಲಿ ಉಳಿಯುತ್ತದೆ. ಆಡಿಷನ್ ಕಲಬುರಗಿಯಲ್ಲೇ ನಡೆದರೆ ಅದೂ ಬೇಕಿಲ್ಲ. ಹಾಗೆ ಮಾಡಿದರೆ ಗೇಟಿನ ಮುಂದೆ ಕ್ಯಾಮೆರಾಕ್ಕೆ ಸಿಗುವ ಜನಸಾಗರದ ದೃಶ್ಯ ತಪ್ಪಿಹೋಗಬಹುದು. ಆ ದೃಶ್ಯಕ್ಕೆ ಈಗ ತಲೆಗೆ 370 ರೂಪಾಯಿಯಂತೆ ಬೆಲೆ ತೆರುತ್ತಿರುವವರು ಸಾಲಿನಲ್ಲಿ ನಿಂತ ಜನ.