ಅಳಿಸಿದ ಚಿತ್ರ ಯಾರದು?

ಪ್ರಶ್ನೆ: ನಾನು ಗಜೇಂದ್ರಗಡದಲ್ಲಿ ಏಳನೇ ತರಗತಿ ಓದುತ್ತಿದ್ದೇನೆ. ಸಮಾಜ ವಿಜ್ಞಾನದ ಪ್ರಾಜೆಕ್ಟಿಗೆ ಟೀಚರ್ ನಾಲ್ವರ ಗುಂಪು ಮಾಡಿದ್ದಾರೆ. ಒಬ್ಬ ಶಾಲೆಗೇ ಬರುತ್ತಿಲ್ಲ. ಇನ್ನೊಬ್ಬ ನರಗುಂದದ ಬಾಬಾಸಾಹೇಬರ ವಿಷಯವೇ ಆಗಬೇಕು, ಥರ್ಮಾಕೋಲ್ ಕೋಟೆ ಮಾಡಿಸಿ ತರುತ್ತೇನೆ ಎಂದು ಹಟ ಹಿಡಿದಿದ್ದಾನೆ. ನನಗೆ ಸೂಡಿಯ ಹಳೆಯ ಮೆಟ್ಟಿಲು ಕೊಳ ನಾಗಕುಂಡ ಇಷ್ಟ. ಗೆಳತಿ ಬರೆದ ಚಿತ್ರ ಚಂದ ಇರಲಿಲ್ಲ, ಅಳಿಸಿ ನಾನೇ ರಾತ್ರಿ ಕೂತು ಬರೆದೆ. ಈಗ ಏನು ಕೇಳಿದರೂ ಅವಳು ‘ನೀ ಹೇಳಿದಂಗ ಆಗ್ಲಿ’ ಅಂತಾಳೆ. ನಾನೊಬ್ಬಳೇ ದುಡಿದು ನಾಲ್ವರಿಗೂ ಅಂಕ ಯಾಕೆ?

ಉತ್ತರ: ತಂಗೀ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯಬೇಡ.

ಮೊದಲು, ಬಾರದ ಹುಡುಗ. ನೀನು ಪತ್ರ ಬರೆದಿರುವುದು ಹೆಸರುಬುಡ್ಡಿ ಬಿಡಿಸುವ ಕಾಲದಲ್ಲಿ. ರೋಣ, ನರಗುಂದದ ಎರೆ ಹೊಲಗಳಲ್ಲಿ ಮುಂಗಾರಿ ಹೆಸರು ಮಾಗುವುದೂ ಶಾಲೆಯಲ್ಲಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ. ಮಳೆ ಹಿಡಿದರೆ ಬುಡ್ಡಿಯಲ್ಲೇ ಕಾಳು ಮೊಳಕೆ ಒಡೆಯುತ್ತದೆ, ಆಳು ಸಿಗುವುದಿಲ್ಲ, ಮಗನನ್ನು ಹೊಲಕ್ಕೆ ಕರೆಯುತ್ತಾರೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಅವನು ಮೈಗಳ್ಳನೋ, ಹೊಲದಲ್ಲಿದ್ದಾನೋ, ನೀನು ಕೇಳಿಲ್ಲ, ಕೇಳು. ಹೊಲದಲ್ಲಿದ್ದರೆ ಸಂಜೆ ಮನೆಯಲ್ಲೇ ಆಗುವ ಕೆಲಸ ಕೊಡು. ಊರಿನ ಹಿರಿಯರಿಗೆ ಸೂಡಿಯ ಬಗ್ಗೆ ಏನು ಗೊತ್ತು ಎಂದು ಕೇಳಿ ಒಂದು ಪುಟ ಬರೆದು ತರಲಿ.

ಹಟದ ಹುಡುಗನ ವಿಷಯ ಸಣ್ಣದಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆದರೆ ನಿಮ್ಮ ನಾಲ್ವರಲ್ಲಿ ನರಗುಂದದ ಗುಡ್ಡ ಹತ್ತಿದವರು ಯಾರಾದರೂ ಇದ್ದೀರಾ? ಮಾಡಿಸಿ ತಂದ ಥರ್ಮಾಕೋಲ್ ಕೋಟೆಯಿಂದ ಕಲಿಯುವುದೇನೂ ಇಲ್ಲ, ಅಪ್ಪನ ಜೇಬು ಹಗುರಾಗುತ್ತದೆ ಅಷ್ಟೇ. ಸೂಡಿ ನಿಮಗೆ ಹತ್ತಿರ. ನಾಗಕುಂಡದ ಮೆಟ್ಟಿಲು ಎಣಿಸಬಹುದು, ಜೋಡುಕಳಸದ ಗುಡಿಯ ಎರಡೂ ಶಿಖರ ನೋಡಿಕೊಂಡು ಬರೆಯಬಹುದು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಈ ಸೀಮೆಯನ್ನು ಆಳಿದ್ದು ಶಾಸನಗಳಲ್ಲಿದೆ. ಹಾಗಾಗಿ ನನ್ನ ವೋಟು ಸೂಡಿಗೆ. ಆದರೆ ವಿಷಯ ನಿನ್ನದಾದರೆ ಮಾದರಿಯ ಹೊಣೆ ಅವನಿಗಿರಲಿ: ಮಣ್ಣಿನಲ್ಲಿ, ಶಾಲೆಯಲ್ಲೇ ಮಾಡಬೇಕು. ಅವನು ಮಾಡುವಾಗ ನೀನು ಹಿಂದೆ ನಿಂತು ತಿದ್ದಬೇಡ.

ಇನ್ನು ಆ ಗೆಳತಿ. ನಿನ್ನ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅವಳ ಸುದ್ದಿಯೇ. ಅವಳ ಚಿತ್ರವನ್ನು ಅವಳನ್ನು ಕೇಳದೆ ಅಳಿಸಿದೆ. ಅದಾದ ಮೇಲೆ ‘ನೀ ಹೇಳಿದಂಗ ಆಗ್ಲಿ’ ಎನ್ನದೆ ಅವಳು ಮತ್ತೇನು ಅನ್ನಬೇಕಿತ್ತು? ‘ನಮ್ಮ ಗುಂಪಿನಲ್ಲೊಬ್ಬಳು ಯಾರಿಗೂ ಏನೂ ಮಾಡಗೊಡಲ್ಲ’ ಎಂದು ಅವಳು ಮನೆಯಲ್ಲಿ ಹೇಳುತ್ತಿರಬಹುದು. ನಾಳೆಯೇ ಹೋಗಿ ತಪ್ಪಾಯಿತು ಅನ್ನು. ಚಿತ್ರ ಮತ್ತೆ ಅವಳೇ ಬರೆಯಲಿ. ಗೆರೆ ಸೊಟ್ಟಗಿದ್ದರೂ ಚಾರ್ಟಿಗೆ ಅದನ್ನೇ ಅಂಟಿಸಿ.

ಅಂಕದ ಪ್ರಶ್ನೆಗೆ ಬರುತ್ತೇನೆ. ಯಾರ ಕೆಲಸ ಯಾವುದು, ಯಾವ ದಿನಕ್ಕೆ ಮುಗಿಯಬೇಕು ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ, ಈಗಲೇ ಟೀಚರಿಗೆ ತೋರಿಸಿ. ಕೆಲಸ ಕೆಟ್ಟ ಮೇಲೆ ಹೇಳಿದರೆ ಅದು ಚಾಡಿಯಂತೆ ಕೇಳುತ್ತದೆ. ಯಾರಾದರೂ ಮಾಡದಿದ್ದರೆ ಆ ಜಾಗ ಖಾಲಿ ಬಿಡು, ರಾತ್ರಿ ನಿದ್ದೆಗೆಟ್ಟು ತುಂಬಬೇಡ. ಒಂದೆರಡು ಅಂಕ ಹೋಗಬಹುದು, ಹೋಗಲಿ. ಯಾರಾದರೂ ಬೈದರೆ, ಹೆದರಿಸಿದರೆ ಮಾತ್ರ ಹಾಳೆ-ಗೀಳೆ ಎಂದು ಕಾಯದೆ ಅದೇ ದಿನ ಟೀಚರಿಗೂ ಮನೆಯಲ್ಲೂ ಹೇಳಬೇಕು.

ಇದನ್ನು ಓದುವ ಶಿಕ್ಷಕರಲ್ಲಿ ಒಂದು ವಿನಂತಿ: ಗುಂಪಿನ ಕೆಲಸವನ್ನು ಮನೆಗೆ ಕಳಿಸಬೇಡಿ. ನಾಲ್ಕು ಹಳ್ಳಿಯ ಮಕ್ಕಳು ಸಂಜೆ ಒಂದೆಡೆ ಸೇರಲಾರರು. ವಾರಕ್ಕೆ ಒಂದೆರಡು ಪಿರಿಯಡ್ ಶಾಲೆಯಲ್ಲೇ ಕೊಡಿ, ಹೆಸರಿನ ಸುಗ್ಗಿ ಮುಗಿದ ಮೇಲೆ.