ರಕ್ತನಾಳದ ತಪ್ಪು ಕನೆಕ್ಷನ್: ಟಿಎಪಿವಿಸಿ ಅಂದ್ರೆ ಏನು?

ಹೃದಯ ಅಂದ್ರೆ ಒಂದು ಪಂಪ್ ಅಂತ ಸ್ಕೂಲಲ್ಲಿ ಓದಿದ್ದೀವಿ. ನಿಜವಾಗಿ ಅದು ಸೀರೀಸ್‌ನಲ್ಲಿರುವ ಎರಡು ಪಂಪ್. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ನಾಲ್ಕು ಅಭಿಧಮನಿಗಳ ಮೂಲಕ ಎಡ ಹೃತ್ಕರ್ಣಕ್ಕೆ ಬರುತ್ತೆ. ಎಡಭಾಗ ಅದನ್ನು ಇಡೀ ದೇಹಕ್ಕೆ ಕಳಿಸುತ್ತೆ.

ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಈ ನಾಲ್ಕೂ ನಾಳಗಳು ಎಡಕ್ಕೆ ಸೇರದೆ ಬಲಭಾಗಕ್ಕೇ ಸೇರಿರುತ್ತವೆ. ಇದೇ ಟೋಟಲ್ ಅನಾಮಲಸ್ ಪಲ್ಮನರಿ ವೀನಸ್ ಕನೆಕ್ಷನ್, ಅಂದ್ರೆ ಟಿಎಪಿವಿಸಿ. ಆಗ ಒಳ್ಳೆ ರಕ್ತ, ಕೆಟ್ಟ ರಕ್ತ ಬಲಭಾಗದಲ್ಲೇ ಬೆರೆಯುತ್ತೆ. ಎರಡು ಹೃತ್ಕರ್ಣಗಳ ನಡುವೆ ಇರುವ ತೂತಿನಿಂದ ಆಚೆ ದಾಟುವ ಮಿಶ್ರ ರಕ್ತದಿಂದಲೇ ಮಗು ಬದುಕಬೇಕು. ನಾಳ ದಾರಿಯಲ್ಲಿ ಎಲ್ಲಾದರೂ ಕಿರಿದಾಗಿದ್ದರೆ ಹುಟ್ಟಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಆಪರೇಷನ್ ಬೇಕಾಗಬಹುದು.

ಔಷಧಿಯಿಂದ ಕನೆಕ್ಷನ್ ಬದಲಾಗಲ್ಲ, ಆಪರೇಷನ್ನೇ ದಾರಿ. ಹಾರ್ಟ್-ಲಂಗ್ ಮಷೀನ್‌ಗೆ ಮಗುವಿನ ರಕ್ತಪರಿಚಲನೆ ವಹಿಸಿ, ಹೃದಯ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ನಾಲ್ಕೂ ನಾಳಗಳು ಹೃದಯದ ಹಿಂದೆ ಒಂದು ಕೊಳವೆಯಾಗಿ ಕೂಡಿರುತ್ತವೆ. ಅದನ್ನು ಎಡ ಹೃತ್ಕರ್ಣಕ್ಕೆ ಹೊಲಿದು, ತೂತು ಮುಚ್ಚುತ್ತಾರೆ. ಹೊಲಿದ ಜಾಗ ಅಗಲವಾಗಿರಲೇಬೇಕು. ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವಿಗೆ ತಡೆ 16 ಪಟ್ಟು ಆಗುತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದ್ತೀವಲ್ಲ, ಇಲ್ಲೂ ಅದೇ ಲೆಕ್ಕ. ಆಪರೇಷನ್ ಆದ ಮೇಲೂ ಆ ಜಾಗ ಕಿರಿದಾಗ್ತಿದೆಯಾ ಅಂತ ವರ್ಷಗಟ್ಟಲೆ ಎಕೋ ಮಾಡಿ ನೋಡ್ತಾರೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರಿಗೆ ಇಂಥ ಆಪರೇಷನ್ ಅಂದ್ರೆ ಬೆಂಗಳೂರು. ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಇದೆ. ಆದರೆ ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿ.ಮೀ. ಹಾಗಾಗಿ ಕಾಯಿಲೆ ಊರಲ್ಲೇ, ಬೇಗ ಗೊತ್ತಾಗಬೇಕು. ಆಮ್ಲಜನಕ ಸ್ವಲ್ಪ ಕಡಿಮೆಯಾದಾಗ ಮೈ ನೀಲಿಯಾಗಿದ್ದು ಕಣ್ಣಿಗೆ ಕಾಣದೇ ಇರಬಹುದು. ಪಲ್ಸ್ ಆಕ್ಸಿಮೀಟರ್ ಅದನ್ನು ಹಿಡಿಯುತ್ತೆ. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು ರಕ್ತ ಎಷ್ಟೆಷ್ಟು ಹೀರುತ್ತೆ ಅನ್ನೋದನ್ನು ಹೋಲಿಸುವ ಪಲ್ಸ್ ಆಕ್ಸಿಮೀಟರನ್ನು 1970ರ ದಶಕದಲ್ಲಿ ರೂಪಿಸಿದ್ದು ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ.

ಹುಟ್ಟಿ 24 ಗಂಟೆ ಆದ ಮೇಲೆ ಮಗುವಿನ ಬಲಗೈ ಮತ್ತು ಒಂದು ಕಾಲಲ್ಲಿ ನೋಡಬೇಕು. 95ಕ್ಕಿಂತ ಕಡಿಮೆ ಇದ್ದರೆ ಮತ್ತೆ ಪರೀಕ್ಷೆ, 90ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಡಾಕ್ಟರ್ ನೋಡಲೇಬೇಕು. ನಂಬರ್ ಸರಿ ಇದ್ದರೂ ಮಗು ಏದುಸಿರು ಬಿಡ್ತಿದ್ದರೆ, ಹಾಲು ಕುಡಿಯುವಾಗ ಬೆವರಿ ಸುಸ್ತಾಗ್ತಿದ್ದರೆ ತೋರಿಸಿ.

ನಿಮ್ಮ ಅಕ್ಕನಿಗೋ ಅತ್ತಿಗೆಗೋ ಹೆರಿಗೆ ಆದಾಗ ಆಸ್ಪತ್ರೆಯಲ್ಲಿ ಇದೊಂದು ಮಾತು ಕೇಳಿ: "ಸಿಸ್ಟರ್, ಮಗುವಿನ ಆಕ್ಸಿಜನ್ ನೋಡಿದ್ರಾ?"